ನಂಬರ್ ಹೋಗುವುದು ಬೆರಳು ಬಿಟ್ಟ ಮೇಲೆ

ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ, ಹಳೇ ಮಿಕ್ಸಿ ಜಾರುಗಳ ನಡುವೆ ತೂತಿನಲ್ಲಿ ಬೆರಳಿಟ್ಟು ಡಯಲ್ ತಿರುಗಿಸುವ ಒಂದು ಕಪ್ಪು ಫೋನು ಕೂತಿತ್ತು. ಎತ್ತಿದರೆ ಒಳ್ಳೆ ತೂಕ. ಮಾರುವವರು ತಕ್ಷಣ ಶುರು ಮಾಡಿದರು: “ಬ್ರಿಟಿಷರ ಕಾಲದ್ದು ಸಾರ್. ನೂರು ವರ್ಷ ಗ್ಯಾರಂಟಿ. ಯಾವುದೋ ದೊರೆ ಬಂಗಲೆಯಿಂದ ಬಂದಿದ್ದು.” ನಾನು ಫೋನನ್ನು ಮಗುಚಿದೆ. ತಳದ ಧೂಳು ಒರೆಸಿದ ಮೇಲೆ ಮೂರು ಅಕ್ಷರ ಕಂಡವು: ಐಟಿಐ. ಅದರ ಕೆಳಗೆ ಬೆಂಗಳೂರು.

ದೊರೆಯ ಕಥೆ ಅಲ್ಲಿಗೆ ಮುಗಿಯಿತು. ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಹುಟ್ಟಿದ್ದೇ 1948ರಲ್ಲಿ. ಬ್ರಿಟಿಷರು ಹೋದ ಮರುವರ್ಷ. ಬೆಂಗಳೂರಿನ ದೂರವಾಣಿನಗರಕ್ಕೆ ಆ ಹೆಸರು ಬಂದಿದ್ದೇ ಈ ಕಾರ್ಖಾನೆಯಿಂದ. ತಂತ್ರಜ್ಞಾನ ಕೊಟ್ಟಿದ್ದು ಲಿವರ್‌ಪೂಲ್‌ನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿ. ಹಾಗಾಗಿ ನಮ್ಮ ಫೋನುಗಳಿಗೂ ಇಂಗ್ಲೆಂಡಿನ ಫೋನಿನದೇ ಮುಖ ಬಂತು. ಮುಖ ನೋಡಿ ಜನ ಮೋಸ ಹೋಗುತ್ತಾರೆ. ಇದೇ ಊರಿನ ಹೆಣ್ಣುಮಕ್ಕಳು, ಗಂಡುಮಕ್ಕಳು ಕೂತು ಜೋಡಿಸಿದ ಫೋನಿಗೆ ಬೆಲೆ ಬರಬೇಕಾದರೆ ದೊರೆ ಯಾಕೆ ಬೇಕು? ನನಗಂತೂ ಐಟಿಐ ಅನ್ನುವ ಆ ಮೂರು ಅಕ್ಷರವೇ ಜಾಸ್ತಿ ಬೆಲೆಯದ್ದು ಅನ್ನಿಸಿತು. ಚೌಕಾಸಿ ಮಾಡಿ ಮನೆಗೆ ತಂದೆ.

ಹಳೇ ಫೋನು ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹಿತ್ತಾಳೆ ಮಿರಮಿರ ಮಿಂಚುವ, ಮರದ ಪೀಠದ, ರಾಜರ ಮನೆಯದ್ದು ಅನ್ನಿಸುವ ಫೋನುಗಳು ಬಹುಪಾಲು ಷೋಕೇಸಿಗೆಂದು ಈಚೆಗೆ ಮಾಡಿದವು. ಎಷ್ಟೋ ಫೋನುಗಳಲ್ಲಿ ಡಯಲ್ ತಿರುಗುವುದೇ ಇಲ್ಲ. ತೂತಿನೊಳಗೆ ಒತ್ತುವ ಗುಂಡಿ ಇರುತ್ತದೆ. ಕಪ್ಪು ಬಣ್ಣವೂ ಹಳೇದು ಅನ್ನುವುದಕ್ಕೆ ಸಾಕ್ಷಿಯಲ್ಲ. ಬೇಕಲೈಟೋ ಅಲ್ಲವೋ ನೋಡಿ. 1907ರಲ್ಲಿ ಲಿಯೋ ಬೇಕಲ್ಯಾಂಡ್ ಕಂಡುಹಿಡಿದ ಈ ಹಳೇ ಬಗೆಯ ಪ್ಲಾಸ್ಟಿಕ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಜೋರಾಗಿ ಉಜ್ಜಿ ಮೂಸಿದರೆ ಆಸ್ಪತ್ರೆಯ ನೆಲ ಒರೆಸಿದಂಥ ಘಾಟು ಬರುತ್ತದೆ. ಅದು ಫೀನಾಲ್ ವಾಸನೆ. ಆಮೇಲೆ ಬಂದ ಪ್ಲಾಸ್ಟಿಕ್ಕಿಗೆ ಆ ವಾಸನೆ ಇಲ್ಲ. ಕಾಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಕಲೆ ಹೋಗುವುದಿಲ್ಲ.

ಹಳೇ ರೇಡಿಯೋ, ಟಿವಿಗಳಲ್ಲಿ ‘ಕೆಂಪು ಪಾದರಸ’ ಇದೆ, ಅದಕ್ಕೆ ಲಕ್ಷಾಂತರ ರೂಪಾಯಿ ಸಿಗುತ್ತದೆ ಅನ್ನುವ ಸುದ್ದಿ ನಮ್ಮಲ್ಲೂ ಹಬ್ಬಿತ್ತು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಹೊಲಿಗೆ ಯಂತ್ರಗಳ ಬಗ್ಗೆ ಇದೇ ಸುಳ್ಳು ಹಬ್ಬಿ, ಜನ ಮುಗಿಬಿದ್ದು ಕೊಂಡರು. ಅಂಥ ವಸ್ತು ಯಾವ ಯಂತ್ರದಲ್ಲೂ ಇಲ್ಲ. ನಿಧಿ ಹುಡುಕುತ್ತಾ ಒಡೆದ ಹಳೇ ಸಾಮಾನು ಮತ್ತೆ ಕೂಡುವುದಿಲ್ಲ, ನನಗೆ ಅದೇ ಸಂಕಟ. ಫೋನಿನೊಳಗೆ ಇರುವುದು ತಾಮ್ರದ ತಂತಿ, ಗಂಟೆ, ರಿಸೀವರ್‌ನ ಇದ್ದಿಲ ಹರಳು. ಜೊತೆಗೆ ಒಂದು ಡಯಲ್. ನಿಧಿ ಅನ್ನುವುದಾದರೆ ಆ ಡಯಲನ್ನೇ ಅನ್ನಬೇಕು.

ಡಯಲನ್ನು ತಿರುಗಿಸಿದರೆ ನಂಬರ್ ಹೋಗುತ್ತದೆ ಅಂತ ವರ್ಷಗಟ್ಟಲೆ ಫೋನು ಬಳಸಿದವರೂ ನಂಬಿದ್ದಾರೆ. ತಿರುಗಿಸುವಾಗ ಏನೂ ಹೋಗುವುದಿಲ್ಲ. ನೀವು ಒಂದು ಸ್ಪ್ರಿಂಗಿಗೆ ಕೀ ಕೊಡುತ್ತಿದ್ದೀರಿ, ಅಷ್ಟೇ. ನಿಧಾನವಾಗಿ ತಿರುಗಿಸಿ, ಜೋರಾಗಿ ತಿರುಗಿಸಿ, ವ್ಯತ್ಯಾಸವಿಲ್ಲ. ಬೆರಳು ಬಿಟ್ಟ ಮೇಲೆ ಡಯಲ್ ಕರ್‌ರ್ ಎಂದು ವಾಪಸ್ ಬರುತ್ತದಲ್ಲ, ನಂಬರ್ ಹೋಗುವುದು ಆಗ. ಬಾವಿಯಿಂದ ಕೊಡ ಎಳೆಯುವುದು ನಿಮ್ಮ ಕೆಲಸ. ಹಗ್ಗ ಬಿಟ್ಟರೆ ಕೊಡ ತಾನೇ ಇಳಿಯುತ್ತದೆ, ರಾಟೆ ಕಿರುಗುಟ್ಟುತ್ತದೆ. ಎಕ್ಸ್‌ಚೇಂಜ್, ಅಂದರೆ ಊರಿನ ಫೋನುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಕೇಂದ್ರ, ಎಣಿಸುವುದು ಆ ಕಿರುಗುಟ್ಟುವಿಕೆಯನ್ನು.

ಎಣಿಸುವುದು ಹೇಗೆ? ರಿಸೀವರ್ ಎತ್ತಿದ ಕೂಡಲೇ ಎಕ್ಸ್‌ಚೇಂಜಿನ ಸುಮಾರು 50 ವೋಲ್ಟಿನ ಬ್ಯಾಟರಿಯಿಂದ ಲೈನಿನಲ್ಲಿ ಕರೆಂಟು ಹರಿಯಲು ಶುರುವಾಗುತ್ತದೆ. ಮನೆಯಲ್ಲಿ ಕರೆಂಟ್ ಹೋದರೂ ಆ ಫೋನು ನಡೆಯುತ್ತಿದ್ದುದು ಇದೇ ಕಾರಣಕ್ಕೆ. ಡಯಲ್ ವಾಪಸ್ ಬರುವಾಗ ಅದರ ಹಿಂದಿನ ಚಕ್ರ ಈ ಕರೆಂಟನ್ನು ಕಡಿದು ಕಡಿದು ಜೋಡಿಸುತ್ತದೆ. 5 ಅಂದರೆ ಐದು ಸಲ. 0 ಅಂದರೆ ಹತ್ತು ಸಲ. ಬೀದಿಯ ಲೈಟು ಐದು ಸಲ ಹೋಗಿ ಬಂದರೆ ಮನೆಯೊಳಗೆ ಕೂತವರು “ಐದು ಸಲ ಹೋಯ್ತು” ಅಂತ ಲೆಕ್ಕ ಇಡುವ ಹಾಗೆ. ವೇಗ ಸೆಕೆಂಡಿಗೆ ಹತ್ತು, ಅಂದರೆ ಒಂದೊಂದು ಸಲಕ್ಕೂ ನೂರು ಮಿಲಿಸೆಕೆಂಡು. ಬ್ರಿಟಿಷ್ ಮಾದರಿಯಲ್ಲಿ ಆ ನೂರು ಮಿಲಿಸೆಕೆಂಡಿನಲ್ಲಿ ಸುಮಾರು 67 ಕಡಿತಕ್ಕೆ, 33 ಜೋಡಣೆಗೆ.

ಆದರೆ ಸ್ಪ್ರಿಂಗಿಗೆ ಈ ಲೆಕ್ಕವೆಲ್ಲ ಗೊತ್ತಿಲ್ಲ. ಅದರ ಪಾಡಿಗೆ ಬಿಟ್ಟರೆ ಮೊದಲು ರಭಸ, ಕೊನೆಗೆ ಸುಸ್ತು. ಅದಕ್ಕೇ ಒಳಗೊಬ್ಬ ಕಾವಲುಗಾರ ಇದ್ದಾನೆ. ಅವನ ಹೆಸರು ಗವರ್ನರ್. ನನ್ನ ಪ್ರಕಾರ ಇಡೀ ಫೋನಿನಲ್ಲಿ ಅತ್ಯಂತ ಚೆಂದದ ಭಾಗ ಇದು. ಸಣ್ಣ ಬಟ್ಟಲಿನೊಳಗೆ ಎರಡು ಪುಟ್ಟ ತೂಕಗಳು ಗಿರಗಿರ ತಿರುಗುತ್ತವೆ. ಚಿಕ್ಕವರಿದ್ದಾಗ ಕೈ ಕೈ ಹಿಡಿದು ಅಪ್ಪಾಳೆ ತಿಪ್ಪಾಳೆ ಆಡಿದ್ದೀರಲ್ಲ? ವೇಗ ಹೆಚ್ಚಿದಷ್ಟೂ ಮೈ ಹೊರಕ್ಕೆ ಜಗ್ಗುತ್ತದೆ. ಈ ತೂಕಗಳೂ ಹಾಗೇ ಹೊರಕ್ಕೆ ಹೋಗಿ ಬಟ್ಟಲಿನ ಗೋಡೆಗೆ ಉಜ್ಜುತ್ತವೆ. ಉಜ್ಜಿದರೆ ವೇಗ ಇಳಿಯುತ್ತದೆ. ಇಳಿದರೆ ಒಳಕ್ಕೆ ಸರಿಯುತ್ತವೆ, ಉಜ್ಜುವುದು ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ಎತ್ತಿನ ಗಾಡಿ ಹೊಡೆಯುವವನು ಹಗ್ಗ ಬಿಗಿ ಹಿಡಿದು, ಸಡಿಲ ಬಿಟ್ಟು, ಮತ್ತೆ ಬಿಗಿ ಹಿಡಿಯುವ ಹಾಗೆ. ಕರ್‌ರ್ ಎಂಬ ಆ ಸದ್ದಿನಲ್ಲಿ ಈ ಗವರ್ನರ್ ಪಾಲೂ ಇದೆ. ಅವಸರದಲ್ಲಿ ಬೆರಳಿನಿಂದ ಡಯಲನ್ನು ಹಿಂದಕ್ಕೆ ನೂಕಿದವರಿಗೆ ರಾಂಗ್ ನಂಬರ್ ಹೋಗುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಡಯಲಿನಲ್ಲಿ 1ರ ತೂತಿಗೂ ಬೆರಳು ತಡೆಯುವ ಲೋಹದ ಕೊಕ್ಕೆಗೂ ಮಧ್ಯೆ ಖಾಲಿ ಜಾಗ ಇರುತ್ತದೆ. ಅದು ಸುಮ್ನೆ ಬಿಟ್ಟ ಜಾಗವಲ್ಲ. ಒಂದು ಅಂಕಿ ಮುಗಿದು ಇನ್ನೊಂದು ಬರುವ ಮೊದಲು ಎಕ್ಸ್‌ಚೇಂಜಿಗೆ ಉಸಿರಾಡಲು ಸಮಯ ಬೇಕು. ಎಷ್ಟೇ ಚುರುಕು ಬೆರಳಾದರೂ ಆ ದಾರಿ ಸವೆಸಲೇಬೇಕು.

ಎಕ್ಸ್‌ಚೇಂಜಿನಲ್ಲಿ ಈ ಕಡಿತ ಎಣಿಸಿ ಫೋನು ಜೋಡಿಸುವ ಯಂತ್ರ ಆಲ್ಮನ್ ಸ್ಟ್ರೌಜರ್ ಅವರದು. ಅವರು ಇಂಜಿನಿಯರ್ ಅಲ್ಲ, ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುತ್ತಿದ್ದವರು. ಫೋನ್ ಆಪರೇಟರ್ ತಮ್ಮ ಗಿರಾಕಿಗಳನ್ನು ಎದುರಾಳಿಗೆ ದಾಟಿಸುತ್ತಿದ್ದಾರೆ ಅನ್ನುವ ಅನುಮಾನದಿಂದ ಆಪರೇಟರೇ ಬೇಡದ ಯಂತ್ರ ಯೋಚಿಸಿದರಂತೆ. 1891ರಲ್ಲಿ ಪೇಟೆಂಟ್, 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಎಕ್ಸ್‌ಚೇಂಜ್. ಡಯಲ್ ಇನ್ನೂ ಇರಲಿಲ್ಲ, ಗುಂಡಿಯನ್ನು ಅಷ್ಟಷ್ಟು ಸಲ ಒತ್ತಬೇಕಿತ್ತು. ಮುಂದೆ ಬೆಳೆದ ಯಂತ್ರವನ್ನು ಹತ್ತು ಮಹಡಿಯ ಕಟ್ಟಡ ಅಂದುಕೊಳ್ಳಿ, ಮಹಡಿಗೆ ಹತ್ತು ಬಾಗಿಲು. ಕೊನೆಯ ಎರಡು ಅಂಕಿ 73 ಆದರೆ ಅದರ ತೋಳು ಟಕಟಕ ಏಳು ಮಹಡಿ ಹತ್ತಿ, ಮೂರನೇ ಬಾಗಿಲಿಗೆ ತಿರುಗಿ ನಿಲ್ಲುತ್ತದೆ. ನಿಮ್ಮ ಬೆರಳಿನ ಲೆಕ್ಕ, ಊರಿನ ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ನಡಿಗೆಯಾಗುತ್ತದೆ. ನನಗೆ ಇದು ಈಗಲೂ ರೋಮಾಂಚನ.

ಮನೆಗಳಲ್ಲಿ ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದುದು ನೆನಪಿದೆಯಾ? 1ರ ತೂತಿಗೆ ಬೀಗ ಹಾಕಿದರೆ ಅದು ಕೊಕ್ಕೆಗೆ ತಾಗಿ ಡಯಲ್ ಮುಂದೆ ಹೋಗುವುದಿಲ್ಲ. ಆದರೆ ಬೀಗ ಡಯಲಿಗೆ, ಕರೆಂಟಿಗಲ್ಲ. ರಿಸೀವರ್ ಇಡುವ ಗುಂಡಿಯನ್ನು ಚಕಚಕ ಐದು ಸಲ ತಟ್ಟಿದರೆ ಅದೂ 5. ಹಾಸ್ಟೆಲಿನ ಹುಡುಗರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು.

ಡಯಲಿನ ಅಂಕಿಗಳೇ ಫೋನಿನ ಊರನ್ನೂ ಹೇಳುತ್ತವೆ. ಸ್ವೀಡನ್ನಿನ ಡಯಲಿನಲ್ಲಿ 0 ಮೊದಲು ಬರುತ್ತದೆ, ಅಲ್ಲಿ 0 ಅಂದರೆ ಒಂದೇ ಕಡಿತ. ನ್ಯೂಜಿಲೆಂಡಿನಲ್ಲಿ 1ರಿಂದ 9ರವರೆಗೆ ಪೂರ್ತಿ ತಿರುಗುಮುರುಗು. 1 ತಿರುಗಿಸಿದರೆ ಒಂಬತ್ತು ಕಡಿತ. ಹಾಗಾಗಿ ಅವರ ತುರ್ತು ನಂಬರ್ 111, ಬ್ರಿಟನ್ನಿನದು 999, ತಂತಿಯ ಮೇಲೆ ಎರಡೂ ಒಂದೇ! ಅಮೆರಿಕದವರು 1947ರಲ್ಲಿ ಊರಿನ ಕೋಡ್ ಹಂಚುವಾಗ ನ್ಯೂಯಾರ್ಕಿಗೆ 212 ಕೊಟ್ಟರು. ಒಟ್ಟು ಐದೇ ಕಡಿತ, ಅರ್ಧ ಸೆಕೆಂಡಿನ ಕೆಲಸ. ಜಾಸ್ತಿ ಜನ ಕರೆ ಮಾಡುವ ಊರಿಗೆ ಚಿಕ್ಕ ದಾರಿ. ಆಮೇಲೆ ಬಂದ ಅಲಾಸ್ಕಾಕ್ಕೆ ಸಿಕ್ಕಿದ್ದು 907, ಇಪ್ಪತ್ತಾರು ಕಡಿತ.

ಇನ್ನು ವಯಸ್ಸು. ಫೋನಿನ ಮೇಲೆ ಪೇಟೆಂಟ್ ತಾರೀಕು ಇದ್ದರೆ ಅದನ್ನೇ ಹುಟ್ಟಿದ ದಿನ ಅಂತ ಓದಬೇಡಿ. ಪೇಟೆಂಟ್ ಸಿಕ್ಕಿ ಎಷ್ಟೋ ವರ್ಷ ಆದ ಮೇಲೂ ಅದೇ ತಾರೀಕು ಹಾಕಿ ಫೋನು ಮಾಡುತ್ತಿದ್ದರು. ಮಾದರಿ ಗೊತ್ತಾದರೆ ‘ಇದಕ್ಕಿಂತ ಹಿಂದಿನದಲ್ಲ’ ಅನ್ನಬಹುದು. ಬ್ರಿಟನ್ನಿನ 332 ಬಂದಿದ್ದು 1937ರಲ್ಲಿ, 706 ಬಂದಿದ್ದು 1959ರಲ್ಲಿ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಫೋನುಗಳಲ್ಲಿ ಡಯಲ್, ಗಂಟೆ, ರಿಸೀವರ್ ಎಲ್ಲದರ ಮೇಲೂ ಬೇರೆ ಬೇರೆ ತಾರೀಕು ಒತ್ತಿರುತ್ತಾರೆ. ಎಲ್ಲ ತಾರೀಕು ಹೊಂದಿದರೆ ಸಂಗ್ರಹಕಾರರಿಗೆ ಹಬ್ಬ. ಅವರ 500 ಮಾದರಿಯಲ್ಲಿ ಅಂಕಿಗಳನ್ನು ತೂತಿನ ಹೊರಗೆ ಬರೆದಾಗ ಜನ ಡಯಲ್ ಮಾಡುವುದು ನಿಧಾನವಾಯಿತಂತೆ. ಅಲ್ಲಿನ ಫೋನು ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಪ್ರತಿ ತೂತಿನ ಕೆಳಗೆ ಒಂದು ಬಿಳಿ ಚುಕ್ಕೆ ಇಡಿಸಿದರು. ಬೆರಳಿಗೆ ಗುರಿ ಸಿಕ್ಕಿತು, ವೇಗ ವಾಪಸ್ ಬಂತು.

ನನ್ನ ಫೋನಿಗೆ ಅಂಥ ಸುಲಭದ ದಾರಿ ಇರಲಿಲ್ಲ. ಮೊದಲು ಡಯಲ್ ಸರಿ ಇದೆಯೋ ನೋಡಲು ಬಿಚ್ಚಿ, ಕಡಿತದ ತಂತಿಗಳಿಗೆ ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ರೆಸಿಸ್ಟರ್, ಒಂದು ಎಲ್ಇಡಿ ಸಿಕ್ಕಿಸಿದೆ. 0 ತಿರುಗಿಸಿ ಬಿಟ್ಟು, ಮೊಬೈಲಿನಲ್ಲಿ ಸ್ಲೋಮೋಷನ್ ವಿಡಿಯೋ ಮಾಡಿದೆ. ಹತ್ತು ಸಲ ಆರಿತು, ಒಂದೂ ತಪ್ಪಲಿಲ್ಲ. ಆದರೆ ತೆಗೆದುಕೊಂಡ ಸಮಯ ಒಂದೂಕಾಲು ಸೆಕೆಂಡು. ಗವರ್ನರ್ ಗಾಲಿಗಳಲ್ಲಿ ಎಣ್ಣೆ ಒಣಗಿ ಅಂಟಾಗಿತ್ತು. ಗಡಿಯಾರದ ಎಣ್ಣೆ ಒಂದೊಂದೇ ಹನಿ ಹಾಕಿದೆ, ಬಟ್ಟಲಿಗೆ ಮಾತ್ರ ಸೋಕಿಸಲಿಲ್ಲ. ಅಲ್ಲಿ ಉಜ್ಜುವಿಕೆ ಬೇಕೇ ಬೇಕು. ಮಾರನೇ ದಿನ ಸರಿಯಾಗಿ ಒಂದು ಸೆಕೆಂಡು.

ಆಮೇಲೆ ಭಾಗಗಳನ್ನು ಒಂದೊಂದಾಗಿ ನೋಡಿದೆ. ಇಸವಿ ಬರೆಯದ ಶಾಸನದ ಕಾಲವನ್ನು ಅಕ್ಷರದ ರೂಪ ನೋಡಿ ಹೇಳುತ್ತಾರಲ್ಲ, ಹಾಗೆ. ಮೈ ಬೇಕಲೈಟ್, ಉಜ್ಜಿದರೆ ಘಾಟು. ರಿಸೀವರ್‌ಗೆ ವಾಸನೆಯೇ ಇಲ್ಲ, ಅದು ಆಮೇಲೆ ಬದಲಾಯಿಸಿದ ಪ್ಲಾಸ್ಟಿಕ್. ಸುರುಳಿ ವೈರು ಇನ್ನೂ ಹೊಸದು. ಡಯಲಿನ ನಡುವಿನ ಚೀಟಿಯಲ್ಲಿ ಮಾಸಿದ ಐದಂಕಿಯ ನಂಬರ್, ಅಂದರೆ ಬೆಂಗಳೂರಿನ ನಂಬರುಗಳು ಇನ್ನೂ ಉದ್ದವಾಗದ ಕಾಲದಲ್ಲಿ ಇದು ಯಾರದೋ ಮನೆಯಲ್ಲಿತ್ತು. ಕೊನೆಗೆ ಮೈಯ ಒಳಗೋಡೆಗೆ ಟಾರ್ಚ್ ಹಿಡಿದಾಗ ಪೆನ್ಸಿಲ್ಲಿನ ಬರಹ ಕಂಡಿತು: 17/8/63, ಪಕ್ಕದಲ್ಲಿ ಒಂದು ಸಹಿ. ಯಾರೋ ಲೈನ್‌ಮನ್ ರಿಪೇರಿ ಮಾಡಿ ಬರೆದಿಟ್ಟದ್ದಿರಬೇಕು. 1948ಕ್ಕಿಂತ ಹಿಂದಿನದಲ್ಲ, 1963ಕ್ಕಿಂತ ಈಚಿನದಲ್ಲ. ಹದಿನೈದು ವರ್ಷದ ಕಿಟಕಿ ಸಿಕ್ಕಿತು.

ಹಳೇ ಫೋನು ಮನೆಗೆ ತಂದರೆ ಹೊರಗೆ ಎಷ್ಟು ಬೇಕಾದರೂ ಪಾಲಿಶ್ ಮಾಡಿ. ಒಳಗೋಡೆಯನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೊದಲು ಟಾರ್ಚ್ ಹಿಡಿದು ನೋಡಿ.