ರುಮಾಲಿನೊಳಗಿನ ಕಿವಿ

ಮಗುವಿನ ಮುಂದೆ ಬಿಳಿ ಹಾಳೆ, ಪೆನ್ಸಿಲ್ ಇಟ್ಟು ‘ಒಬ್ಬ ಮನುಷ್ಯನ ಚಿತ್ರ ಬರಿ’ ಅನ್ನುತ್ತಾರೆ. ಚೆಂದ ಇದೆಯೋ ಇಲ್ಲವೋ ಯಾರಿಗೂ ಬೇಡ. ಕಣ್ಣು, ಕತ್ತು, ಬೆರಳು, ಬಟ್ಟೆ ಇವೆಯೇ ಅಂತ ಎಣಿಸಿ ಬುದ್ಧಿಯ ಅಂಕ ಹಾಕುತ್ತಾರೆ. ಮಾತು ಬೇಡ, ಓದು ಬೇಡ. ಹಾಗಾದರೆ ಯಾವ ದೇಶದ ಮಗುವಿಗೂ ಸರಿ, ಅಲ್ವಾ?

ಮಕ್ಕಳ ಬುದ್ಧಿ ಅಳೆಯುವ ಕೆಲಸ ಧಾರವಾಡಕ್ಕೆ ಹಳೆಯದು. ಫ್ರಾನ್ಸ್‌ನ ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತ್ ಇಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಆದರೆ ಅದರಲ್ಲಿ ಮಾತು ಜಾಸ್ತಿ. ಮನೆಯಲ್ಲಿ ಲಂಬಾಣಿ ಆಡುವ ಮಗುವೋ, ಮಾತು ತಡವಾದ ಮಗುವೋ ಎದುರಿಗೆ ಕೂತರೆ ಚಿತ್ರವೇ ಸಲೀಸು ಅನಿಸುತ್ತದೆ.

ಈ ಚಿತ್ರದ ಪರೀಕ್ಷೆಯನ್ನು ಅಮೆರಿಕದ ಫ್ಲಾರೆನ್ಸ್ ಗುಡ್‌ಇನಫ್ 1926ರಲ್ಲಿ ರೂಪಿಸಿದರು. ಒಟ್ಟು 51 ಅಂಶ. 1963ರಲ್ಲಿ ಡೇಲ್ ಹ್ಯಾರಿಸ್ ಅದನ್ನು ತಿದ್ದಿದರು, ಬರೋಡಾದ ಪ್ರಮೀಳಾ ಫಾಟಕ್ ಭಾರತದ ಮಕ್ಕಳಿಗೆ ಹೊಂದಿಸಿದರು.

ಎಡವಟ್ಟು ಅದಕ್ಕೂ ಮೊದಲೇ ಕಂಡಿತ್ತು. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹುಡುಗಿಯರದೇ ಮೇಲುಗೈ. ಆದರೆ 1942ರಲ್ಲಿ ವೇಯ್ನ್ ಡೆನ್ನಿಸ್ ಅಮೆರಿಕದ ಮೂಲನಿವಾಸಿ ಹೋಪಿ ಮಕ್ಕಳನ್ನು ನೋಡಿದಾಗ ಹುಡುಗರು ಮುಂದಿದ್ದರು. ಹೋಪಿಗಳಲ್ಲಿ ಬೊಂಬೆ ಕೆತ್ತುವುದು, ಬಣ್ಣ ಹಚ್ಚುವುದು ಗಂಡಸರ ಕೆಲಸ. ಕೈಗೆ ಬಿದ್ದ ರೂಢಿಯೇ ಅಂಕವಾಗಿ ಬಂದಿತ್ತು! ಯಾವ ಸಂಸ್ಕೃತಿಯೂ ಅಂಟದ ಪರೀಕ್ಷೆ ಅನ್ನುವುದು ಬರೀ ಭ್ರಮೆ ಎಂದು 1950ರಲ್ಲಿ ಗುಡ್‌ಇನಫ್, ಹ್ಯಾರಿಸ್ ತಾವೇ ಬರೆದರು. ಆದರೂ ಬಳಕೆ ನಿಲ್ಲಲಿಲ್ಲ. ಹಾಳೆ ಅಗ್ಗ, ಕೆಲಸ ಬೇಗ ಮುಗಿಯುತ್ತದೆ ನೋಡಿ.

ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಬ್ರಿಟನ್ನಿನ 15,000ಕ್ಕೂ ಹೆಚ್ಚು ಅವಳಿ ಮಕ್ಕಳ ಅಧ್ಯಯನ 2014ರಲ್ಲಿ ಬಂತು. ನಾಲ್ಕನೇ ವಯಸ್ಸಿನ ಚಿತ್ರಕ್ಕೂ ಆಗಿನ ಬುದ್ಧಿಗೂ ನಂಟು 0.33, ಹದಿನಾಲ್ಕರ ಹೊತ್ತಿನ ಬುದ್ಧಿಗೆ 0.20. ಪೂರ್ತಿ ಹೊಂದಿದರೆ 1 ಆಗಬೇಕು. ಸಾವಿರಾರು ಮಕ್ಕಳ ಸರಾಸರಿಗೆ ಇದು ಆದೀತು. ಒಂದು ಮಗುವಿನ ಹಣೆಗೆ ಚೀಟಿ ಅಂಟಿಸಲು ಸಾಲದು.

ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗಳಿಗೆ ನಾನೂ ಸುಮ್ನೆ ಹಾಳೆ ಕೊಟ್ಟೆ. ಅಜ್ಜನನ್ನು ಬರೆದಳು. ದೊಡ್ಡ ರುಮಾಲು, ನೆಲ ಮುಟ್ಟುವ ಧೋತರ. ಕೂದಲಿಲ್ಲ, ಕಿವಿಯಿಲ್ಲ. ಎರಡು ಅಂಕ ಹೋಯಿತು.

‘ಕಿವಿ ಎಲ್ಲವ್ವಾ?’ ಅಂದೆ.

‘ರುಮಾಲದಾಗ ಅದಾವಲ್ಲ ಮಾಮಾ.’

ಮಣ್ಣೆತ್ತಿನ ಅಮಾವಾಸ್ಯೆಗೆ ಅವಳು ಮಾಡಿದ ಎತ್ತು ಇನ್ನೂ ಗೋಡೆಯ ಮಾಡದಲ್ಲೇ ಇತ್ತು. ಕೋಡು, ಬೆನ್ನ ಮೇಲಿನ ಇಣಿ, ಬಾಲ, ಮೂಗುದಾರ. ಕಿವಿಯೂ ಎರಡು.