ಸರ್ವಿಸ್ ರೆಕಾರ್ಡ್: ಎಂಜಿನ್ ವಾರಂಟಿ ಕೇಳುವಾಗ ಆಯಿಲ್ ಬಿಲ್ ಯಾಕೆ ಬೇಕು?

ಕಾರಿಗೆ ಯಾವಾಗ, ಎಷ್ಟು ಕಿಲೋಮೀಟರಿಗೆ, ಯಾವ ಆಯಿಲ್ ಹಾಕಿಸಿದಿರಿ ಎಂಬುದರ ಲಿಖಿತ ಲೆಕ್ಕವೇ ಸರ್ವಿಸ್ ರೆಕಾರ್ಡ್. ಶೋರೂಮಿನ ಕಂಪ್ಯೂಟರ್ ಎಂಟ್ರಿ, ಬುಕ್‌ಲೆಟ್ಟಿನ ಸೀಲು, ನಿಮ್ಮ ಕೈಲಿರುವ ಬಿಲ್ಲು ಎಲ್ಲ ಇದರಲ್ಲೇ ಬಂತು. ಎಂಜಿನ್ ಜಾಮ್ ಆದ ದಿನ ಮೊದಲು ಕೇಳುವುದೇ ಇದನ್ನು.

ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ನೋಡಿಕೊಳ್ಳದೆ ಕೆಟ್ಟರೆ ಕಂಪನಿ ಕೈ ಎತ್ತುತ್ತದೆ. ಬೇರಿಂಗ್ ಸವೆದು ಕ್ರ್ಯಾಂಕ್‌ಶಾಫ್ಟ್ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಹಿಡಿದುಕೊಂಡಿತು ಅನ್ನಿ. ತಪ್ಪು ಬೇರಿಂಗಿನದೂ ಇರಬಹುದು, ಆಯಿಲಿನದೂ ಇರಬಹುದು. ಬದಲಿಸದೆ ಬಿಟ್ಟ ಆಯಿಲ್ ಬಿಸಿಗೆ ಕೆಟ್ಟು ಕಪ್ಪು ಕೆಸರಾಗುತ್ತದೆ. ಆಯಿಲ್ ಹರಿಯುವ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ, ಬೇರಿಂಗ್ ಒಣಗುತ್ತದೆ. ಎಂಜಿನ್ ತಳದ ಆಯಿಲ್ ತೊಟ್ಟಿ (ಸಂಪ್) ಬಿಚ್ಚಿದಾಗ ಆ ಕೆಸರು ಕಂಡು, ನಿಮ್ಮ ಹತ್ತಿರ ಬಿಲ್ಲೂ ಇಲ್ಲದಿದ್ದರೆ ವಾದ ಅಲ್ಲಿಗೇ ಮುಗಿದಂತೆ. ಎಸಿ, ಪವರ್ ವಿಂಡೋ ಕೆಟ್ಟರೆ ಮಾತ್ರ ಆಯಿಲ್ ಬಿಲ್ ಕೇಳುವುದಕ್ಕೆ ಅರ್ಥವಿಲ್ಲ.

ನಮ್ಮ ಕಡೆ ಜನ ಎಡವುವುದು ಹೆಚ್ಚಾಗಿ ತಿಂಗಳ ಲೆಕ್ಕದಲ್ಲಿ. ಎಷ್ಟೋ ಕಾರುಗಳಿಗೆ ಆಯಿಲ್ ಬದಲಿಸುವ ಗಡುವು 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು. ವಿಜಯಪುರದಲ್ಲಿ ಮನೆ ಮುಂದೆ ಸುಮ್ನೆ ನಿಂತಿರುವ ಕಾರು. ಮದುವೆಗೆ ಬಾಗಲಕೋಟೆ, ಸಂಕ್ರಾಂತಿಗೆ ಕೂಡಲಸಂಗಮ, ಉಳಿದಂತೆ ಮಾರ್ಕೆಟ್ಟು. ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಓಡಿದರೆ ಹೆಚ್ಚು. ‘ಇನ್ನೂ ಆರು ಸಾವಿರ ಬಾಕಿ ಐತಲ್ಲ’ ಅಂತ ಬಿಟ್ಟರೆ ತಪ್ಪು ನಿಮ್ಮದೇ. ಎಂಜಿನ್ ಪೂರ್ತಿ ಕಾಯದ ಗಿಡ್ಡ ಓಡಾಟದಲ್ಲಿ ಆಯಿಲಿಗೆ ನೀರಿನಂಶ, ಇಂಧನ ಸೇರುತ್ತವೆ. ಧೂಳಿನ ರಸ್ತೆ, ಗಿಡ್ಡ ಓಡಾಟ ಇದ್ದರೆ ಇನ್ನೂ ಬೇಗ ಬದಲಿಸಿ ಎಂದು ಬಹಳ ಬುಕ್‌ಲೆಟ್‌ಗಳೇ ಹೇಳುತ್ತವೆ. ಆ ಪುಟ ಯಾರೂ ಓದುವುದಿಲ್ಲ, ಅಲ್ವಾ?

ಇನ್ನು ಬಿಲ್ಲು. ‘ಆಯಿಲ್ ಚೇಂಜ್’ ಎಂದು ಎರಡೇ ಪದ ಗೀಚಿದ ಚೀಟಿ ಲೆಕ್ಕಕ್ಕೆ ಬಾರದು. ತಾರೀಖು, ಗಾಡಿ ನಂಬರ್, ಓಡೋಮೀಟರ್ ರೀಡಿಂಗ್, ಆಯಿಲ್ ಗ್ರೇಡ್ (5ಡಬ್ಲ್ಯೂ-30 ಅಂತೇನಿದೆಯೋ ಅದು), ಎಷ್ಟು ಲೀಟರ್, ಹೊಸ ಫಿಲ್ಟರ್ ಇಷ್ಟೂ ಇರಲಿ. ಥರ್ಮಲ್ ಕಾಗದದ ಬಿಲ್ಲನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟರೆ ನಮ್ಮ ಬಿಸಿಲಿಗೆ ಅಕ್ಷರವೇ ಉಳಿಯುವುದಿಲ್ಲ. ಅಂದೇ ಫೋಟೋ ತೆಗೆದಿಡಿ.

ಹೊರಗಿನ ಗ್ಯಾರೇಜಿಗೆ ಹೋದರೆ? ರಿಪೇರಿ ಹೊರಗೆ ಮಾಡಿಸಿದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತು ಬೇಡ ಎಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಹೇಳಿತ್ತು. ಆದರೂ ವಾರಂಟಿ ಮುಗಿಯುವ ತನಕ ಅಧಿಕೃತ ಸರ್ವಿಸ್ ಸೆಂಟರೇ ವಾಸಿ ಎನ್ನುತ್ತೇನೆ. ಬೆಳಗಾವಿಯ ಉದ್ಯಮಬಾಗದಲ್ಲಿ ಕೈ ಪಳಗಿದವರು ಬೇಕಾದಷ್ಟಿದ್ದಾರೆ, ಅವರ ಕೆಲಸದ ಬಗ್ಗೆ ಮಾತಿಲ್ಲ. ಎಂಟ್ರಿ ಕಂಪನಿಯದೇ ಕಂಪ್ಯೂಟರಿನಲ್ಲಿದ್ದರೆ ‘ದಾಖಲೆ ಇಲ್ಲ’ ಎನ್ನುವುದು ಕಂಪನಿಯವರಿಗೇ ಕಷ್ಟ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ. ಬಾಯಿಮಾತಿಗೆ ಒಪ್ಪಿ ಎಂಜಿನ್ ಬಿಚ್ಚಿಸಿ ರಿಪೇರಿ ಮುಗಿಸಿಬಿಟ್ಟರೆ ಸಾಕ್ಷಿಯೂ ಹೋಯಿತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇರುತ್ತದೆ.