ಆಬ್ಜೆಕ್ಟ್‌ನಲ್ಲಿ ಸಿಗುವ ರೆಕಾರ್ಡು ಎಸ್‌ಕ್ಯುಎಲ್‌ನಲ್ಲಿ ಯಾಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ: ಮೇಡಂ, ನಾವು ಇಂಟರ್‌ಸಿಸ್ಟಮ್ಸ್ ಐರಿಸ್ ಡೇಟಾಬೇಸ್‌ನಲ್ಲಿ ಕೆಲಸ ಮಾಡ್ತೀವಿ. ಕ್ಲಾಸ್ ಬರೆದು %ಸೇವ್ ಮಾಡಿದ ರೆಕಾರ್ಡು %ಓಪನ್‌ಐಡಿ ಕೊಟ್ಟರೆ ಸರಿಯಾಗಿ ತೆರೆಯುತ್ತೆ. ಅದನ್ನೇ ಎಸ್‌ಕ್ಯುಎಲ್‌ನಲ್ಲಿ ತಾಲ್ಲೂಕಿನ ಹೆಸರು ಕೊಟ್ಟು ಹುಡುಕಿದರೆ ಬರಲ್ಲ. ಆಬ್ಜೆಕ್ಟ್‌ನಿಂದ ಟೇಬಲ್‌ಗೆ ಸಿಂಕ್ ಮಾಡೋಕೆ ಯಾವ ಕಮಾಂಡ್ ಕೊಡಬೇಕು? (ಮಂಡ್ಯದಿಂದ)

ಅಂಥ ಕಮಾಂಡ್ ಇಲ್ಲ. ಅದು ಬೇಕಾಗಿಯೂ ಇಲ್ಲ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕುವೆಂಪುನಗರದ ನಮ್ಮ ಮನೆ ಮಹಡಿಯ ಶನಿವಾರದ ಪಾಠದಲ್ಲಿ ಹೇಳಿದ್ದೇನೆ. ಬೆಂಗಳೂರು ರೈಲಿನಲ್ಲಿ ಪಕ್ಕ ಕೂತ ಹುಡುಗನಿಗೆ ಮೈಸೂರಿನಲ್ಲಿ ಶುರುಮಾಡಿ ಮಂಡ್ಯ ಬರುವಷ್ಟರಲ್ಲಿ ಮುಗಿಸಿದ್ದೇನೆ. ರಾತ್ರಿ ಹತ್ತು ಗಂಟೆಗೆ ಫೋನಿನಲ್ಲೂ ಹೇಳಿದ್ದೇನೆ. ಕೇಳಿದವರು ಬೇರೆ ಬೇರೆ, ಆದರೆ 'ಸಿಂಕ್' ಅನ್ನುವ ಪದ ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಕೋಡ್‌ನಲ್ಲಿ ತೆರೆಯುವ ಆಬ್ಜೆಕ್ಟ್ ಒಂದು ಕಡೆ, ಎಸ್‌ಕ್ಯುಎಲ್‌ಗೆ ಕಾಣುವ ಟೇಬಲ್ ಇನ್ನೊಂದು ಕಡೆ, ನಡುವೆ ಯಾರೋ ನಕಲು ಮಾಡುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಇದು ಪೂರ್ತಿ ತಪ್ಪು. ಐರಿಸ್‌ನಲ್ಲಾಗಲಿ, ಅದಕ್ಕೂ ಮೊದಲು 1997ರಲ್ಲಿ ಬಂದ ಕ್ಯಾಶೆಯಲ್ಲಾಗಲಿ, ಡೇಟಾ ಇರುವುದು ಗ್ಲೋಬಲ್‌ನಲ್ಲಿ, ಅಂದರೆ ಡಿಸ್ಕ್‌ನಲ್ಲಿ ಉಳಿಯುವ ಅರೇಯಲ್ಲಿ. ನೀವು ಬರೆದ ಕ್ಲಾಸ್‌ಗೆ ಸಾಮಾನ್ಯವಾಗಿ ಎರಡು ಗ್ಲೋಬಲ್ ಇರುತ್ತವೆ. ಹೆಸರಿನ ಕೊನೆಗೆ 'ಡಿ' ಇರುವುದರಲ್ಲಿ ಡೇಟಾ, 'ಐ' ಇರುವುದರಲ್ಲಿ ಇಂಡೆಕ್ಸ್. %ಸೇವ್ ಮಾಡಿದರೂ ಆ 'ಡಿ'ಯಲ್ಲೇ ಬರೆಯುತ್ತದೆ. ಎಸ್‌ಕ್ಯುಎಲ್‌ನ ಇನ್‌ಸರ್ಟ್ ಕೊಟ್ಟರೂ ಅದೇ 'ಡಿ'. ಟೇಬಲ್ ಅಂತ ಇನ್ನೊಂದು ಪ್ರತಿ ಡಿಸ್ಕ್‌ನಲ್ಲಿ ಎಲ್ಲೂ ಇರುವುದಿಲ್ಲ.

ನಮ್ಮ ಮೈಸೂರು ಅರಮನೆಗೆ ಎಷ್ಟು ಬಾಗಿಲಿವೆ? ವರಾಹ ದ್ವಾರದಿಂದ ಒಳಗೆ ಬಂದರೂ, ಜಯಮಾರ್ತಾಂಡ ದ್ವಾರದಿಂದ ಬಂದರೂ ಸಿಗುವುದು ಅದೇ ಅರಮನೆ ತಾನೆ? ಒಂದು ಬಾಗಿಲಿನ ಅರಮನೆಯನ್ನು ಇನ್ನೊಂದಕ್ಕೆ ಯಾರೂ ಸಿಂಕ್ ಮಾಡುವುದಿಲ್ಲ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಕಾಣೆಯಾಗಿದೆ ಅನ್ನುವ ರೆಕಾರ್ಡಿನ ಐಡಿ ನಿಮ್ಮ ಹತ್ತಿರ ಇದೆ. ಅದು 17 ಅಂತಿಟ್ಟುಕೊಳ್ಳಿ. ಎಸ್‌ಕ್ಯುಎಲ್‌ನಲ್ಲೇ 'ವೇರ್ ಐಡಿ = 17' ಅಂತ ಕೇಳಿ. ಸಾಲು ಬರುತ್ತದೆ! ಅಂದರೆ ಎಸ್‌ಕ್ಯುಎಲ್ ಬಾಗಿಲಿಗೂ ಆ ರೆಕಾರ್ಡು ಕಾಣುತ್ತಿದೆ. ತಾಲ್ಲೂಕು 'ಮದ್ದೂರು' ಅಂತ ಕೇಳಿದಾಗ ಮಾತ್ರ ಬರುತ್ತಿಲ್ಲ. ತೊಂದರೆ ಡೇಟಾದಲ್ಲಿಲ್ಲ, ಹುಡುಕುವ ದಾರಿಯಲ್ಲಿದೆ. ಆ ದಾರಿಯೇ ಇಂಡೆಕ್ಸ್.

ಮತದಾರರ ಪಟ್ಟಿ ನೆನೆಸಿಕೊಳ್ಳಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಮನುಷ್ಯ ಊರಲ್ಲಿಲ್ಲ ಅಂತಲ್ಲ. ಮನೆಗೆ ಹೋದರೆ ಜಗಲಿ ಮೇಲೆ ಕೂತಿರುತ್ತಾರೆ. ಆದರೆ ಮತಗಟ್ಟೆಯವರು ಮನೆ ಮನೆ ಹುಡುಕುವುದಿಲ್ಲ, ಪಟ್ಟಿ ನೋಡಿ 'ಇಲ್ಲ' ಅಂದುಬಿಡುತ್ತಾರೆ. ಕ್ವೆರಿಗೆ ಯಾವ ದಾರಿಯಲ್ಲಿ ಹುಡುಕಬೇಕು ಅಂತ ನಿರ್ಧರಿಸುವ ಎಸ್‌ಕ್ಯುಎಲ್‌ನ ಆಪ್ಟಿಮೈಸರ್ ಕೂಡ ಹಾಗೇ. ಇಂಡೆಕ್ಸ್ ಇದ್ದರೆ ಅದನ್ನು ಪೂರ್ತಿ ನಂಬುತ್ತದೆ. ಐಡಿ ಕೊಟ್ಟಾಗ ನೇರ ಮನೆಗೇ ಹೋಗುತ್ತದೆ, ಅದಕ್ಕೇ ಸಿಗುತ್ತದೆ.

ಹಾಗಾದರೆ ಪಟ್ಟಿಯಿಂದ ಹೆಸರು ಬಿಟ್ಟುಹೋಗಿದ್ದು ಹೇಗೆ? ನೂರಕ್ಕೆ ತೊಂಬತ್ತು ಸಲ ನಾನು ಕೇಳುವ ಕತೆ ಒಂದೇ. ಕ್ಲಾಸ್ ಬರೆದು ಆರು ತಿಂಗಳಾಗಿರುತ್ತದೆ, ಸಾವಿರಾರು ರೆಕಾರ್ಡು ಸೇರಿರುತ್ತವೆ. ಕ್ವೆರಿ ನಿಧಾನ ಅಂತ ಒಂದು ದಿನ ಕ್ಲಾಸ್‌ಗೆ ಇಂಡೆಕ್ಸ್ ಸಾಲು ಸೇರಿಸಿ ಕಂಪೈಲ್ ಮಾಡುತ್ತಾರೆ. ಕಂಪೈಲ್ ಆಯಿತು, ಎರರ್ ಬರಲಿಲ್ಲ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಕಂಪೈಲ್ ಮಾಡಿದರೆ ಇಂಡೆಕ್ಸ್ ತುಂಬುವುದಿಲ್ಲ. ಇನ್ನು ಮೇಲೆ ಬರುವ ರೆಕಾರ್ಡನ್ನು ಪಟ್ಟಿಗೆ ಸೇರಿಸು ಅಂತ ಕಲಿಸಿದ ಹಾಗಾಯಿತು ಅಷ್ಟೆ. ಹಳೆಯವರು ಪಟ್ಟಿಯ ಹೊರಗೇ ಉಳಿದರು. ಆಪ್ಟಿಮೈಸರ್ ಮಾತ್ರ ಆ ಅರೆಬರೆ ಪಟ್ಟಿಯನ್ನು ತಕ್ಷಣ ಬಳಸಲು ಶುರುಮಾಡುತ್ತದೆ. ಎರರ್ ಇಲ್ಲ, ತಪ್ಪಾದಾಗ ಮೈನಸ್ ಸಂಖ್ಯೆ ತೋರಿಸುವ ಎಸ್‌ಕ್ಯುಎಲ್‌ಕೋಡ್ ಕೂಡ ಮೈನಸ್ ಆಗುವುದಿಲ್ಲ. ಬರುವುದು ಕಡಿಮೆ ಸಾಲು. ನನಗೆ ಇದು ತುಂಬಾ ಅಪಾಯದ ತಪ್ಪು ಅನ್ನಿಸುತ್ತದೆ. ನಿಧಾನ ಆದರೆ ಬಳಸುವವರು ಬೈದಾದರೂ ಹೇಳುತ್ತಾರೆ, ಅರ್ಧ ಉತ್ತರ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ವೇರ್ ಪದ ಆದ ಮೇಲೆ, ಷರತ್ತಿಗೆ ಮೊದಲು %ನೋಇಂಡೆಕ್ಸ್ ಅಂತ ಸೇರಿಸಿ ಅದೇ ಕ್ವೆರಿ ಮತ್ತೆ ಓಡಿಸಿ. ಸಾಲುಗಳ ಸಂಖ್ಯೆ ಬದಲಾದರೆ ಇಂಡೆಕ್ಸ್ ಅರೆಬರೆ ಇದೆ ಅಂತ ಖಚಿತ. ಕ್ವೆರಿ ಓಡುವ ದಾರಿ ತೋರಿಸುವ ಶೋ ಪ್ಲಾನ್ ತೆರೆದರೆ, ಅದು ಇಂಡೆಕ್ಸ್ ಮ್ಯಾಪ್ ಓದುತ್ತಿದೆಯೋ, ಮಾಸ್ಟರ್ ಮ್ಯಾಪ್ ಅಂದರೆ ಡೇಟಾವನ್ನೇ ಓದುತ್ತಿದೆಯೋ ಅದೂ ಕಾಣುತ್ತದೆ. ಆಮೇಲೆ ಕ್ಲಾಸ್‌ನ ಮೇಲೆ %ಬಿಲ್ಡ್‌ಇಂಡೈಸಸ್ ಕರೆಯಿರಿ. ಏನೂ ಹೆಸರು ಕೊಡದೆ ಕರೆದರೆ ಎಲ್ಲ ಇಂಡೆಕ್ಸ್‌ಗಳೂ ಹೊಸದಾಗಿ ತುಂಬುತ್ತವೆ. ಜನ ಬಳಸುತ್ತಿರುವ ಸಿಸ್ಟಮ್ ಆದರೆ ನೇರ ಹಾಗೆ ಮಾಡಬೇಡಿ. ಮೊದಲು ಸೆಟ್‌ಮ್ಯಾಪ್‌ಸೆಲೆಕ್ಟಬಿಲಿಟಿ ಬಳಸಿ ಆ ಇಂಡೆಕ್ಸನ್ನು ಆಪ್ಟಿಮೈಸರ್‌ನ ಕಣ್ಣಿಂದ ಮರೆಮಾಡಿ, ತುಂಬಿ, ಆಮೇಲೆ ಮತ್ತೆ ತೋರಿಸಿ.

ಇಷ್ಟು ಹೇಳಿದ ಮೇಲೂ ಸಿಂಕ್ ನಂಬಿಕೆ ಬಿಡದವರು ಇದ್ದಾರೆ. ಅವರ ಹತ್ತಿರ ಸಾಕ್ಷಿಗಳೂ ಇರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು: "ಕ್ಲಾಸ್‌ನಲ್ಲಿ ಹಾಕಿದ ಇಂಡೆಕ್ಸ್ ಕೆಲಸ ಮಾಡಲಿಲ್ಲ ಮೇಡಂ, ಎಸ್‌ಕ್ಯುಎಲ್‌ನಲ್ಲಿ ಕ್ರಿಯೇಟ್ ಇಂಡೆಕ್ಸ್ ಕೊಟ್ಟೆ, ತಕ್ಷಣ ಸರಿಹೋಯ್ತು. ಅಂದ್ರೆ ಎರಡೂ ಬೇರೆ ಬೇರೆ ಅಲ್ವಾ?" ಅಲ್ಲ. ಕ್ರಿಯೇಟ್ ಇಂಡೆಕ್ಸ್ ಕಮಾಂಡ್ ಇಂಡೆಕ್ಸ್ ಸೇರಿಸುವುದರ ಜೊತೆಗೆ ಹಳೆಯ ಡೇಟಾವನ್ನೂ ಅದರಲ್ಲಿ ತುಂಬುತ್ತದೆ. ಕ್ಲಾಸ್‌ನಲ್ಲಿ ಬರೆದಾಗ ಆ ಎರಡನೇ ಕೆಲಸ ನಿಮ್ಮದು.

ಎರಡನೆಯದು ಇನ್ನೂ ಗಟ್ಟಿ ಸಾಕ್ಷಿಯಂತೆ ಕಾಣುತ್ತದೆ. ಎಸ್‌ಕ್ಯುಎಲ್‌ನಲ್ಲಿ ಅಪ್‌ಡೇಟ್ ಮಾಡಿ ಫೋನ್ ನಂಬರ್ ಬದಲಿಸಿದೆ, ಆಬ್ಜೆಕ್ಟ್ ಇನ್ನೂ ಹಳೇ ನಂಬರೇ ತೋರಿಸುತ್ತಿದೆ ಅನ್ನುತ್ತಾರೆ. ಅವರು ನೋಡುತ್ತಿರುವುದು ನಿಜ. ಕಾರಣ ಮಾತ್ರ ಬೇರೆ. %ಓಪನ್‌ಐಡಿ ಮಾಡಿದಾಗ ರೆಕಾರ್ಡು ನಿಮ್ಮ ಪ್ರೊಸೆಸ್‌ನ ಮೆಮೊರಿಗೆ ಬರುತ್ತದೆ. ಆಮೇಲೆ ಡಿಸ್ಕ್‌ನಲ್ಲಿ ಏನೇ ಬದಲಾದರೂ ಮೆಮೊರಿಯಲ್ಲಿರುವುದಕ್ಕೆ ಅದು ಗೊತ್ತಾಗುವುದಿಲ್ಲ. ಅದೇ ಪ್ರೊಸೆಸ್‌ನಲ್ಲಿ ಇನ್ನೊಮ್ಮೆ %ಓಪನ್‌ಐಡಿ ಕೊಟ್ಟರೂ, ಈಗಾಗಲೇ ತೆರೆದಿರುವ ಆಬ್ಜೆಕ್ಟೇ ಕೈಗೆ ಬರುತ್ತದೆ. "ಎರಡು ಸಲ ತೆರೆದರೂ ಹಳೇದೇ ಬಂತು" ಅಂತ ಗಾಬರಿಯಾಗುವುದು ಇದಕ್ಕೇ. %ರೀಲೋಡ್ ಕರೆಯಿರಿ, ಹೊಸ ನಂಬರ್ ಬರುತ್ತದೆ. ಕರೆಯದೆ ಹಾಗೇ %ಸೇವ್ ಮಾಡಿದರೆ ನಿಮ್ಮ ಹಳೆಯ ನಂಬರ್ ಹೊಸದರ ಮೇಲೆ ಕೂರಬಹುದು. ಅದನ್ನು ತಡೆಯಲು ವರ್ಷನ್ ಪ್ರಾಪರ್ಟಿ ಅನ್ನುವ ವ್ಯವಸ್ಥೆಯೇ ಇದೆ, ಇಬ್ಬರು ಒಂದೇ ರೆಕಾರ್ಡು ತಿದ್ದುವ ಕಡೆ ದಯವಿಟ್ಟು ಬಳಸಿ.

ಮೂರನೆಯ ಸಾಕ್ಷಿಯ ಬಗ್ಗೆ ಹೇಳುವಾಗ ನನಗೆ ಈಗಲೂ ಬೇಜಾರಾಗುತ್ತದೆ. ಮಂಡ್ಯದ ಕಡೆಯ ಒಬ್ಬ ಹುಡುಗ, ಲ್ಯಾಬ್ ವರದಿಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ. ಅವನಿಗೂ ಇದೇ ತೊಂದರೆ. ಇಂಡೆಕ್ಸ್ ಸೇರಿಸಿದ ಮೇಲೆ ಹಳೇ ರೋಗಿಗಳೆಲ್ಲ ಎಸ್‌ಕ್ಯುಎಲ್ ವರದಿಯಿಂದ ಮಾಯ. ಯಾರೋ ಸಿಂಕ್ ಮಾಡಬೇಕು ಅಂದರು. ಅವನು ಎರಡು ವಾರ ಕೂತು, ಪ್ರತಿ ರಾತ್ರಿ ಒಂದೊಂದೇ ಆಬ್ಜೆಕ್ಟ್ ತೆರೆದು ಇನ್ನೊಂದು ಕ್ಲಾಸ್‌ಗೆ ನಕಲು ಮಾಡುವ ಪ್ರೋಗ್ರಾಂ ಬರೆದ. ವರದಿಗಳನ್ನು ಆ ಹೊಸ ಕ್ಲಾಸ್‌ಗೆ ತಿರುಗಿಸಿದ. ಎಲ್ಲ ರೋಗಿಗಳೂ ಬಂದರು! ಬರಲೇಬೇಕು. ಹೊಸ ಕ್ಲಾಸ್‌ನಲ್ಲಿ ಇಂಡೆಕ್ಸ್ ಮೊದಲ ದಿನದಿಂದಲೇ ಇತ್ತು, ನಕಲು ಆದ ಪ್ರತಿ ರೆಕಾರ್ಡೂ ಪಟ್ಟಿಗೆ ಸೇರಿತು. ಅವನು ಮಾತ್ರ ಸಿಂಕ್ ಮಾಡಿದ್ದರಿಂದಲೇ ಸರಿಹೋಯಿತು ಅಂದುಕೊಂಡ.

ಆಮೇಲೆ ಏನಾಯಿತು ಅಂದರೆ, ಇಲ್ಲದ ಎರಡನೇ ಪ್ರತಿ ಈಗ ನಿಜವಾಗಿ ಹುಟ್ಟಿಕೊಂಡಿತ್ತು. ಹಗಲು ತಿದ್ದಿದ ವರದಿ ರಾತ್ರಿಯವರೆಗೆ ಹಳೆಯದೇ ಕಾಣುತ್ತಿತ್ತು. ಅಳಿಸಿದ ರೆಕಾರ್ಡು ನಕಲಿನಲ್ಲಿ ಉಳಿಯುತ್ತಿತ್ತು. ಅವನು ನನಗೆ ಫೋನ್ ಮಾಡಿದಾಗ ಎರಡು ಕ್ಲಾಸ್‌ಗಳ ಲೆಕ್ಕವೂ ತಾಳೆ ಆಗುತ್ತಿರಲಿಲ್ಲ. "ನೋಡಿ ಮೇಡಂ, ಆಬ್ಜೆಕ್ಟ್ ಬೇರೆ, ಟೇಬಲ್ ಬೇರೆ" ಅಂದ. ಹೌದಪ್ಪ, ಬೇರೆ ಮಾಡಿದ್ದು ನೀನೇ ಅಂದೆ. ಹಳೆಯ ಕ್ಲಾಸ್‌ನ ಮೇಲೆ %ಬಿಲ್ಡ್‌ಇಂಡೈಸಸ್ ಓಡಿಸಿದೆವು. ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯಿತು. ವರದಿಗಳನ್ನೆಲ್ಲ ಹಳೆಯ ಕ್ಲಾಸ್‌ಗೆ ವಾಪಸ್ ತರಲು ಅವನಿಗೆ ಮತ್ತೆ ಒಂದು ವಾರ ಹಿಡಿಯಿತು. ಬುದ್ಧಿವಂತ ಹುಡುಗ, ಕಷ್ಟಪಟ್ಟು ಕೆಲಸ ಮಾಡಿದ್ದ. ಒಂದು ತಪ್ಪು ನಂಬಿಕೆ ಅವನ ಮೂರು ವಾರ ತಿಂದಿತು. ಈ ಬರಹಕ್ಕೆ ಇಷ್ಟು ಜಾಗ ಕೊಡುತ್ತಿರುವುದು ಅದಕ್ಕೇ.

ಉಳಿದ ಕಾರಣಗಳು ಬೇಗ ಮುಗಿಯುತ್ತವೆ. %ಸೇವ್ ಸೋತರೆ ಅದು ಕೂಗಿ ಹೇಳುವುದಿಲ್ಲ, ಒಂದು ಸ್ಟೇಟಸ್ ವಾಪಸ್ ಕೊಡುತ್ತದೆ ಅಷ್ಟೆ. ಕಡ್ಡಾಯ ಪ್ರಾಪರ್ಟಿ ಖಾಲಿ ಬಿಟ್ಟಿದ್ದರೆ ರೆಕಾರ್ಡು ಡಿಸ್ಕ್‌ಗೆ ಹೋಗಿಯೇ ಇರುವುದಿಲ್ಲ. ಆ ಸ್ಟೇಟಸ್ ನೋಡದೆ ಮುಂದೆ ಹೋಗಬೇಡಿ. ಇನ್ನು ಕೆಲವರು ಬೇಗ ಆಗಲಿ ಅಂತ 'ಡಿ' ಗ್ಲೋಬಲ್‌ಗೆ ನೇರ ಸೆಟ್ ಕೊಡುತ್ತಾರೆ. ಹಾಗೆ ಬರೆದರೆ ಇಂಡೆಕ್ಸ್‌ಗೆ ಸುದ್ದಿ ಹೋಗುವುದಿಲ್ಲ, ಮತ್ತೆ ಅದೇ ಮತದಾರರ ಪಟ್ಟಿಯ ಕತೆ. ಖಾಲಿ ಸ್ಟ್ರಿಂಗ್ ವಿಚಾರವೂ ಇದೆ. ಐರಿಸ್‌ನ ಭಾಷೆಯಾದ ಆಬ್ಜೆಕ್ಟ್‌ಸ್ಕ್ರಿಪ್ಟ್‌ನಲ್ಲಿ ಖಾಲಿ ಕೋಟ್ಸ್ ಇಟ್ಟರೆ ಎಸ್‌ಕ್ಯುಎಲ್‌ಗೆ ಅದು ನಲ್, ಅಂದರೆ ಬೆಲೆಯೇ ಇಲ್ಲ. ಅದನ್ನು 'ಈಸ್ ನಲ್' ಅಂತ ಹುಡುಕಬೇಕು, ಸಮ ಚಿಹ್ನೆ ಹಾಕಿದರೆ ಸಿಗುವುದಿಲ್ಲ.

ದಿನಾಂಕದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐರಿಸ್‌ನ ಮ್ಯಾನೇಜ್‌ಮೆಂಟ್ ಪೋರ್ಟಲ್‌ನಲ್ಲಿ (ಬ್ರೌಸರ್‌ನಲ್ಲಿ ತೆರೆಯುವ ಅದರ ಪುಟದಲ್ಲಿ) ಓಡಿಸಿದರೆ ಸಾಲು ಬರುತ್ತದೆ, ಅದೇ ಕ್ವೆರಿ ಕೋಡ್‌ನಲ್ಲಿ ಇಟ್ಟರೆ ಬರುವುದಿಲ್ಲ ಅನ್ನುವ ದೂರು ನಿಮ್ಮಿಂದಲೂ ಒಂದು ದಿನ ಬರುತ್ತದೆ. ಐರಿಸ್ ದಿನಾಂಕವನ್ನು ಒಂದು ಪೂರ್ಣ ಸಂಖ್ಯೆಯಾಗಿ ಇಡುತ್ತದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ರ ನವೆಂಬರ್ 1 ಅಲ್ಲಿ 48517. ಪೋರ್ಟಲ್ ಸಾಮಾನ್ಯವಾಗಿ ಡಿಸ್‌ಪ್ಲೇ ಮೋಡ್‌ನಲ್ಲಿರುತ್ತದೆ, ನೀವು ಬರೆದ ತಾರೀಕನ್ನು ತಾನೇ ಸಂಖ್ಯೆಗೆ ಬದಲಿಸಿಕೊಳ್ಳುತ್ತದೆ. ನಿಮ್ಮ ಕೋಡ್ ಲಾಜಿಕಲ್ ಮೋಡ್‌ನಲ್ಲಿರುತ್ತದೆ, ಅಲ್ಲಿ 48517 ಅನ್ನುವ ಸಂಖ್ಯೆಯೇ ಬೇಕು. ಟು‌_ಡೇಟ್ ಫಂಕ್ಷನ್ ಬಳಸಿ ತಾರೀಕನ್ನು ಬದಲಿಸಿ ಕೊಡಿ, ಎರಡೂ ಕಡೆ ಒಂದೇ ಉತ್ತರ ಬರುತ್ತದೆ.

ಇಲ್ಲಿಗೆ ಬಂದಾಗ ನನಗೆ ಇನ್ನೊಂದು ಮಾತು ಹೇಳದೆ ಇರಲು ಆಗುವುದಿಲ್ಲ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಎಣಿಕೆ ಶುರುವಾಗುವುದು 1840ರ ಡಿಸೆಂಬರ್ 31ರಿಂದ. ಆ ದಿನ ಸೊನ್ನೆ, ಮಾರನೇ ದಿನ ಒಂದು. ಅದೇ ದಿನ ಯಾಕೆ? ಈ ಗ್ಲೋಬಲ್‌ಗಳ ಮೂಲ ಮಂಪ್ಸ್ ಅನ್ನುವ ಭಾಷೆ. 1960ರ ದಶಕದಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ ರೋಗಿಗಳ ದಾಖಲೆ ಇಡಲು ಹುಟ್ಟಿದ್ದು. ದಿನಾಂಕದ ಕೋಡ್ ಬರೆದ ಪ್ರೋಗ್ರಾಮರ್ ಮುಂದೆ ಹೇಳಿಕೊಂಡ ಪ್ರಕಾರ, ಆಗ ಅಮೆರಿಕದಲ್ಲಿ 121 ವರ್ಷದ ಒಬ್ಬ ಹಳೇ ಸೈನಿಕರಿದ್ದಾರೆ ಅಂತ ಅವರು ಓದಿದ್ದರಂತೆ. ಅಷ್ಟು ವಯಸ್ಸಿನವರು ಆಸ್ಪತ್ರೆಗೆ ಬಂದರೂ ಹುಟ್ಟಿದ ದಿನ ಸೊನ್ನೆಗಿಂತ ಮುಂದೆಯೇ ಬರಬೇಕು. ಲೀಪ್ ವರ್ಷದ ಲೆಕ್ಕಕ್ಕೂ 1841ರಿಂದ ಶುರುಮಾಡಿದರೆ ಸಲೀಸು. ಹಾಗೆ ಆಯ್ಕೆಯಾದ ದಿನ ಇವತ್ತಿಗೂ ನಮ್ಮ ಟೇಬಲ್‌ಗಳಲ್ಲಿ ಓಡುತ್ತಿದೆ. ಯಾವ ರೋಗಿಯೂ ಪಟ್ಟಿಯಿಂದ ಹೊರಗೆ ಉಳಿಯಬಾರದು ಅಂತ ಒಬ್ಬ ಪ್ರೋಗ್ರಾಮರ್ ಅಷ್ಟು ಯೋಚಿಸಿದ್ದರು. ಇದನ್ನು ಹೇಳುವಾಗಲೆಲ್ಲ ನನಗೆ ಈ ಕೆಲಸದ ಮೇಲೆ ಪ್ರೀತಿ ಹೆಚ್ಚುತ್ತದೆ.

ಹೋದ ತಿಂಗಳು ಇದನ್ನು ಹೇಳಿದಾಗ ಶ್ರೀರಂಗಪಟ್ಟಣದ ಹುಡುಗಿಯೊಬ್ಬಳು ಕೈ ಎತ್ತಿದಳು. "ಹಾಗಾದ್ರೆ ಮೇಡಂ, ಟಿಪ್ಪು ಸುಲ್ತಾನ್ ತೀರಿಕೊಂಡ ದಿನ?" ಅಂದಳು. 1799ರ ಮೇ 4 ಸೊನ್ನೆಗಿಂತ ಹಿಂದಿನದು. ಎಲ್ಲರೂ ಸೇರಿ ಬೋರ್ಡಿನ ಮೇಲೆ ಎಣಿಸಿದೆವು. 1800 ಲೀಪ್ ವರ್ಷವಲ್ಲ ಅನ್ನುವುದನ್ನು ಇಬ್ಬರು ಮರೆತಿದ್ದರು, ಅವಳು ಮರೆತಿರಲಿಲ್ಲ. ಅವಳ ಉತ್ತರ ಮೈನಸ್ 15216. ಸರಿಯಾಗಿತ್ತು.